ಮೈ ಮರೆತವರು ಮರೆತದ್ದೇನು?

ಸುರಪುರದ ಆಚೆಗಿನ ಒಂದು ಹಳ್ಳಿ. ಕತ್ತಲ ರಾತ್ರಿ. ಮೂಲದಲ್ಲಿ ಅದು ಮೊಹರಂನ ‘ಕತಲ್’ ರಾತ್ರಿ, ಕರ್ಬಲಾದ ಕೊಲೆಯ ನೆನಪಿನ ರಾತ್ರಿ. ಸಗರನಾಡಿನ ಬಾಯಿಗೆ ಬಿದ್ದು ಕತ್ತಲ ರಾತ್ರಿಯಾಗಿದೆ. ಊರಲ್ಲಿ ಮುಸ್ಲಿಮರ ಮನೆ ಎರಡೋ ಮೂರೋ. ಅಲಾಯಿ ದೇವರನ್ನು ಕೂರಿಸಿದ್ದು ಮಾತ್ರ ಇಡೀ ಊರು. ಕುಣಿಯಲ್ಲಿ ಜಾಲಿ ಕೊರಡುಗಳು ಉರಿದು ಕೆಂಡವಾಗಿವೆ. ಹಲಗೆಯ ಬಡಿತ ಎಷ್ಟು ಹೊತ್ತಿನಿಂದ ನಡೆದಿದೆಯೆಂದರೆ, ಅದು ಕಿವಿಯಲ್ಲಿ ಕೇಳುವುದು ಬಿಟ್ಟು ಎದೆಗೂಡಿನಲ್ಲಿ ಕೇಳತೊಡಗಿದೆ.

ಅಲಾಯಿ ದೇವರ ಪಂಜಾ ಹಿಡಿದವನು ಊರಿನ ಗೌಂಡಿ. ಬೆಳಗ್ಗೆ ನಾನು ಬಂದಾಗ ಯಾರದೋ ಮನೆಯ ಗೋಡೆಗೆ ಸಿಮೆಂಟು ಮೆತ್ತುತ್ತಿದ್ದ, ಕೂಲಿಯ ಲೆಕ್ಕದಲ್ಲಿ ಐವತ್ತು ರೂಪಾಯಿಗೆ ಜಗಳವಾಡುತ್ತಿದ್ದ. ಈಗ ಅವನ ಕುತ್ತಿಗೆಯ ನರ ಉಬ್ಬಿವೆ, ಕಣ್ಣು ಅರ್ಧ ಮುಚ್ಚಿವೆ, ಊರಿನ ಹಿರಿಯರು ಅವನ ಮುಂದೆ ಕೈಜೋಡಿಸಿ ನಿಂತಿದ್ದಾರೆ. ಒಬ್ಬಾಕೆ ಮಳೆಯ ಬಗ್ಗೆ ಕೇಳಿದಳು. ಅವನದಲ್ಲದ ದನಿಯಲ್ಲಿ ಉತ್ತರ ಬಂತು. ಆಮೇಲೆ ಕೆಂಡ ತುಳಿದ. ಕುಣಿ ದಾಟಿ ಓಡುವಾಗ ಎಲ್ಲಿಂದಲೋ ಒಂದು ಕೂಸು ಅಡ್ಡ ಬಂತು. ಅವನು ಬಲಕ್ಕೆ ಒಂದು ಹೆಜ್ಜೆ ಸರಿದು, ಪಂಜಾವನ್ನು ಕೂಸಿನ ತಲೆಗೆ ತಾಗದಂತೆ ಎತ್ತಿ ಹಿಡಿದು ಮುಂದೆ ಹೋದ.

ಒಂದು ತಾಸಿನ ಮೇಲೆ ಮಸೂತಿಯ ಕಟ್ಟೆಗೆ ಒರಗಿ ಚಹಾ ಕುಡಿಯುತ್ತಿದ್ದಾಗ ಕೇಳಿದೆ: ಕೂಸು ಅಡ್ಡ ಬಂದದ್ದು ಗೊತ್ತಾಯಿತೇ?

“ಯಾ ಕೂಸ್ರೀ?”

“ಅಲ್ಲಿ, ಕುಣಿ ಹತ್ರ. ನೀವು ಸರಿದು ಹೋದ್ರಿ.”

“ನಾ ಎಲ್ಲಿದ್ನ್ರೀ ಅಲ್ಲಿ? ಮೈಮೇಲೆ ಸವಾರಿ ಬಂದಿತ್ತು. ಸರಿದದ್ದು ಅದು, ನಾ ಅಲ್ಲ.”

ಈ ಅಧ್ಯಾಯ ಹುಟ್ಟಿದ್ದು ಆ ಕೂಸಿನಿಂದ. ಕಂಡದ್ದು ಕಣ್ಣು, ದೂರ ಅಳೆದದ್ದು ಮೆದುಳು, ಸರಿದದ್ದು ಕಾಲು, ಎಲ್ಲವೂ ಅವನವೇ. ಯಾವ ಯಂತ್ರವೂ ನಿಂತಿರಲಿಲ್ಲ. ‘ನಾನು ಸರಿದೆ’ ಎನ್ನಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ. ಹಾಗಾದರೆ ಅಷ್ಟು ಹೊತ್ತು ಇಲ್ಲವಾಗಿದ್ದದ್ದು ಏನು?

ಕನ್ನಡ ಈ ವಿಷಯದಲ್ಲಿ ತುಸು ವಿಚಿತ್ರವಾದ ಭಾಷೆ. ‘ನಾನು’ ಕಳೆದುಹೋಗುವುದನ್ನು ಹೇಳಲು ನಾವು ಮನಸ್ಸನ್ನೋ ಆತ್ಮವನ್ನೋ ಕರೆಯುವುದಿಲ್ಲ, ಮೈಯನ್ನು ಕರೆಯುತ್ತೇವೆ. ಹಾಡು ಕೇಳುತ್ತ ಮೈ ಮರೆಯುತ್ತೇವೆ. ದೇವರು ಬರುವುದು ಮೈಮೇಲೆ. ಆವೇಶವಾದರೆ ಮೈದುಂಬಿತು ಎನ್ನುತ್ತೇವೆ. ಕುಡಿದು ಬಿದ್ದವನಿಗೆ ಮೈಮೇಲೆ ಎಚ್ಚರವಿಲ್ಲ. ಕೆಲಸ ತಪ್ಪಿಸುವವನು ಕೂಡ ಮೈಗಳ್ಳನೇ ಹೊರತು ಮನಗಳ್ಳನಲ್ಲ. ಇದು ಬರೀ ಮಾತಿನ ರೂಢಿ ಎಂದು ನಾನೂ ಬಹಳ ದಿನ ತಿಳಿದಿದ್ದೆ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳ ನರವಿಜ್ಞಾನ ಓದುತ್ತ ಹೋದಂತೆ, ಈ ಮಾತುಗಳನ್ನು ಕಟ್ಟಿದ ಅನಾಮಿಕರ ಮೇಲೆ ಗೌರವ ಹೆಚ್ಚಿದೆ. ‘ನಾನು’ ಎಂಬುದರ ತಳಪಾಯ ಮೈಯೇ. ಅದೂ ಇರುವ ಮೈಯಲ್ಲ, ಮೆದುಳು ಕ್ಷಣಕ್ಷಣವೂ ಊಹಿಸಿಕೊಳ್ಳುವ ಮೈ.

ಊಹೆ ಎಂದರೆ ಎಂಥದ್ದು? ಶಹಾಪುರಕ್ಕೆ ಹೋದವರು ಅಲ್ಲಿಯ ಗುಡ್ಡವನ್ನು ನೋಡಿರುತ್ತಾರೆ. ಊರ ಹೊರಗಿನ ರಸ್ತೆಯಿಂದ ನೋಡಿದರೆ ಬಂಡೆಗಳ ಸಾಲು ಮಲಗಿದ ಬುದ್ಧನಾಗುತ್ತದೆ: ಹಣೆ, ಮೂಗು, ತುಟಿ, ಎದೆ. ಒಮ್ಮೆ ಕಂಡಮೇಲೆ ಕಾಣದಿರುವಂತೆ ಮಾಡಲಾಗುವುದಿಲ್ಲ. ಗುಡ್ಡ ಹತ್ತಿದರೆ ಬುದ್ಧ ಎಲ್ಲೂ ಇಲ್ಲ. ಬಂಡೆ, ಕುರುಚಲು, ಆಡಿನ ಹಿಕ್ಕೆ. ಮುಖ ಹುಡುಕುವುದು ಮೆದುಳಿನ ಹಳೆಯ ಚಾಳಿ, ಎರಡು ಚುಕ್ಕಿ ಒಂದು ಗೆರೆ ಸಿಕ್ಕರೆ ಸಾಕು. ಬಂಡೆಗಳ ಜೋಡಣೆ ಸುಳ್ಳಲ್ಲ, ನಮ್ಮ ಕಣ್ಣೂ ಸುಳ್ಳಲ್ಲ, ಬುದ್ಧ ಮಾತ್ರ ಎರಡರ ನಡುವೆ ಹುಟ್ಟಿದವನು. ಹೊರಗಿನ ಮೂಗಿನ ವಿಷಯದಲ್ಲಿ ಇದನ್ನು ಒಪ್ಪುವುದು ಸುಲಭ. ಮೆದುಳು ಇದೇ ಕೆಲಸವನ್ನು ಒಳಗೂ ಮಾಡುತ್ತದೆ, ಚರ್ಮ, ಕೀಲು, ಕಿವಿಯೊಳಗಿನ ಸಮತೋಲದ ನಾಳ, ಹೃದಯದ ಬಡಿತ, ಹೊಟ್ಟೆಯ ಕುಲುಕಾಟ ಇವುಗಳ ಸುದ್ದಿಯನ್ನು ಜೋಡಿಸಿ ‘ಇಗೋ ಇಲ್ಲೊಬ್ಬ ಇದ್ದಾನೆ’ ಎಂದು ಒಂದು ಆಕಾರ ಕಟ್ಟುತ್ತದೆ ಎಂದರೆ ಒಪ್ಪುವುದು ಕಷ್ಟ. ಆತ್ಮವೆಂಬ ಗಟ್ಟಿ ವಸ್ತು ಇಲ್ಲ ಎಂದು ಹೇಳುತ್ತ ತಿರುಗಿದ ಮನುಷ್ಯನೇ ಆ ಗುಡ್ಡದ ಮೇಲೆ ಮಲಗಿರುವುದು ನನಗೆ ಯಾವಾಗಲೂ ಖುಷಿ ಕೊಡುವ ಕಾಕತಾಳೀಯ.

ಒಪ್ಪದವರಿಗೆ ಒಂದು ಆಟವಿದೆ. 1998ರಲ್ಲಿ ಮ್ಯಾಥ್ಯೂ ಬೊಟ್ವಿನಿಕ್ ಮತ್ತು ಜೊನಾಥನ್ ಕೋಹೆನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಒಂದೇ ಪುಟದಷ್ಟು ಬರೆದು ಪ್ರಕಟಿಸಿದ ಪ್ರಯೋಗ ಅದು. ಶಹಾಪುರದ ನಮ್ಮ ಕಾಕಿಯ ಮನೆಯಲ್ಲಿ ನಾನು ಅದನ್ನು ಮಾಡಿ ನೋಡಿದೆ. ಔಷಧಿ ಅಂಗಡಿಯ ರಬ್ಬರ್ ಕೈಗವಸು, ಅದರೊಳಗೆ ತುರುಕಲು ಅವರದೇ ಹೊಲದ ಹತ್ತಿ, ಒಂದು ರಟ್ಟು, ಎರಡು ಬ್ರಷ್ಷು. ಕಾಕಿ ತನ್ನ ಎಡಗೈಯನ್ನು ಮೇಜಿನ ಮೇಲಿಟ್ಟಳು. ಅದು ಕಾಣದಂತೆ ರಟ್ಟು ಅಡ್ಡ ನಿಲ್ಲಿಸಿ, ಹತ್ತಿ ತುಂಬಿದ ಕೈಯನ್ನು ಅವಳ ಕಣ್ಣೆದುರಿಗಿಟ್ಟೆ. ಭುಜದಿಂದ ಅದರವರೆಗೆ ಒಂದು ಟವೆಲ್ ಹೊದಿಸಿದೆ. ಒಂದು ಬ್ರಷ್ಷಿನಿಂದ ಬಚ್ಚಿಟ್ಟ ಕೈಯ ಬೆರಳನ್ನೂ ಇನ್ನೊಂದರಿಂದ ರಬ್ಬರ್ ಬೆರಳನ್ನೂ ಒಟ್ಟಿಗೆ, ಒಂದೇ ಲಯದಲ್ಲಿ ಸವರುತ್ತ ಹೋದೆ. ಮೊದಲು ನಕ್ಕಳು. ಒಂದೆರಡು ನಿಮಿಷಕ್ಕೆ ನಗು ನಿಂತಿತು. “ಅಲ್ಲೇ ಮುಟ್ಟಿದಂಗ ಆಗ್ತದಲ್ಲೋ,” ಎಂದು ರಬ್ಬರನ್ನು ದಿಟ್ಟಿಸಿದಳು. ನಾನು ಸದ್ದಿಲ್ಲದೆ ಲಟ್ಟಣಿಗೆ ತೆಗೆದುಕೊಂಡು ರಬ್ಬರ್ ಕೈಯ ಮೇಲೆ ಬಡಿದೆ.

“ಏ ಯಪ್ಪಾ, ನನ್ನ ಕೈ!” ಎಂದು ಕಾಕಿ ನಿಜವಾದ ಕೈಯನ್ನು ಎದೆಗೆ ಎಳೆದುಕೊಂಡಳು. ಆಮೇಲೆ, “ಇಂಥಾ ಆಟ ಆಡಸ್ಲಿಕ್ಕೇ ಏನು ನೀ ಅಷ್ಟು ಓದಿದ್ದು?”

ಎಲ್ಲರಿಗೂ ಇದು ಆಗುವುದಿಲ್ಲ. ಆದವರಿಗೆ ಆದದ್ದೇನೆಂದರೆ, ಕಣ್ಣು ಹೇಳುವುದೂ ಚರ್ಮ ಹೇಳುವುದೂ ಒಂದೇ ತಾಳದಲ್ಲಿ ಬಂದಾಗ ಮೆದುಳು ‘ಇದು ನನ್ನದು’ ಎಂದು ತೀರ್ಪು ಕೊಟ್ಟುಬಿಡುತ್ತದೆ. ಅರವತ್ತು ವರ್ಷ ರೊಟ್ಟಿ ಬಡಿದ ಕೈಯ ಹಕ್ಕುಪತ್ರ ಎರಡು ನಿಮಿಷದಲ್ಲಿ ಹತ್ತಿಯ ಹೆಸರಿಗಾಯಿತು. ಎರಡು ಬ್ರಷ್ಷಿನ ತಾಳ ತಪ್ಪಿಸಿದರೆ ಭ್ರಮೆ ಸಾಮಾನ್ಯವಾಗಿ ಕಟ್ಟುವುದಿಲ್ಲ.

ಕೈ ಹೋಗಲಿ, ಇಡೀ ಮೈಯ ವಿಳಾಸವನ್ನೇ ಬದಲಿಸಬಹುದು. 2002ರಲ್ಲಿ ಸ್ವಿಟ್ಜರ್ಲೆಂಡಿನ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಅಪಸ್ಮಾರದ ಒಬ್ಬ ಮಹಿಳೆಯ ಮೆದುಳನ್ನು ಶಸ್ತ್ರಚಿಕಿತ್ಸೆಗೆ ಮುಂಚೆ ಪರೀಕ್ಷಿಸುತ್ತಿದ್ದರು. ಬಲಗಿವಿಯ ಮೇಲೆ ತುಸು ಹಿಂದಕ್ಕಿರುವ ಒಂದು ಮಡಿಕೆಗೆ ಸಣ್ಣ ವಿದ್ಯುತ್ ಕೊಟ್ಟಾಗ ಆಕೆ ತಾನು ಮೇಲೆ ತೇಲುತ್ತಿರುವುದಾಗಿ, ಕೆಳಗೆ ಹಾಸಿಗೆಯಲ್ಲಿ ತನ್ನ ಕಾಲುಗಳು ಕಾಣುತ್ತಿರುವುದಾಗಿ ಹೇಳಿದಳು. ವಿದ್ಯುತ್ ನಿಲ್ಲಿಸಿದರೆ ಕೆಳಗಿಳಿದಳು. ಕೊಟ್ಟರೆ ಮತ್ತೆ ಮೇಲೆ. ದೃಷ್ಟಿ, ಸ್ಪರ್ಶ, ಸಮತೋಲ ಮೂರರ ಸುದ್ದಿಯೂ ಬಂದು ಸೇರುವ ಕೂಡುರಸ್ತೆ ಅದು. ಅಲ್ಲಿ ಗೊಂದಲವೆದ್ದರೆ ‘ನಾನು ಎಲ್ಲಿದ್ದೇನೆ’ ಎಂಬುದಕ್ಕೆ ಮೆದುಳು ತಪ್ಪು ಉತ್ತರ ಬರೆಯುತ್ತದೆ.

ಇಲ್ಲಿಗೆ ಎರಡು ಎಳೆ ಬಿಡಿಸಿಕೊಂಡವು: ಈ ಮೈ ನನ್ನದು, ನಾನು ಇಲ್ಲಿದ್ದೇನೆ. ಗೌಂಡಿಯ ಕತೆಗೆ ಬೇಕಾದದ್ದು ಮೂರನೆಯದು: ಮಾಡುತ್ತಿರುವವನು ನಾನು. ಅದಕ್ಕೆ ಬರುವ ಮುಂಚೆ, ‘ನಾನು’ವನ್ನು ಬೇಕೆಂದೇ ಸಡಿಲಿಸಿಕೊಳ್ಳುವವರನ್ನು ನೋಡಲು, ಸುರಪುರದಿಂದ ಲಿಂಗಸುಗೂರಿನ ದಾರಿ ಹಿಡಿದು ಕೃಷ್ಣೆಯ ದಡಕ್ಕೆ ಹೋಗಿಬರೋಣ.

ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕೂಗುವ ಜೈಕಾರದಲ್ಲೇ ಅವನು ಮೌನುದ್ದೀನನೂ ಆಗುತ್ತಾನೆ. 2020ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸಿನಿಮಾ ಮಂದಿಯ ಮಾದಕವಸ್ತು ಪ್ರಕರಣ ಟೀವಿಯಲ್ಲಿ ಇಪ್ಪತ್ನಾಲ್ಕು ಗಂಟೆ ಉರಿಯುತ್ತಿದ್ದಾಗ, ಪತ್ರಿಕೆಗಳಿಗೆ ಇದ್ದಕ್ಕಿದ್ದಂತೆ ತಿಂಥಣಿ ನೆನಪಾಯಿತು. ಜಾತ್ರೆಯಲ್ಲಿ ಸಣ್ಣ ಪೊಟ್ಟಣದಲ್ಲಿ ಗಾಂಜಾ ಪ್ರಸಾದ ಸಿಗುತ್ತದೆ, ಪೂಜೆಯ ನಂತರ ಸೇದುತ್ತಾರೆ, ಶರಣ, ಆರೂಢ, ಅವಧೂತ, ಶಪಥ ಪಂಥಗಳಲ್ಲಿ ಇದು ಧ್ಯಾನದ ದಾರಿ ಎಂದು ನಂಬಿದ್ದಾರೆ ಎಂದೆಲ್ಲ ಬರೆದವು. ಈ ಸೀಮೆಯವರಿಗೆ ಅದರಲ್ಲಿ ಸುದ್ದಿಯೇನೂ ಇರಲಿಲ್ಲ. ಮಠದ ಅಜ್ಜನ ಚಿಲುಮೆಗೂ ಪೇಟೆಯ ಹುಡುಗರ ಸಿಗರೇಟಿಗೂ ಇರುವ ವ್ಯತ್ಯಾಸ ಇಲ್ಲಿ ಹಳ್ಳಿಯ ಹೆಂಗಸರಿಗೂ ಗೊತ್ತು. ಕಾನೂನಿಗೆ ಗೊತ್ತಿಲ್ಲ. 1985ರ ಎನ್‌ಡಿಪಿಎಸ್ ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂತೆನೆ. ಹೂತೆನೆಯಿಂದ ಬೇರೆಯಾದ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಹಾಗಾಗಿ ಕಾಶಿಯಲ್ಲಿ ಭಾಂಗ್ ಅಂಗಡಿಗೆ ಫಲಕ ಇರಬಹುದು, ಚಿಲುಮೆಗೆ ಜೈಲು.

ಆ ಹೂತೆನೆಯ ಅಂಟಿನಲ್ಲಿರುವುದು ಟಿಎಚ್‌ಸಿ ಎಂಬ ರಾಸಾಯನಿಕ. ಅದನ್ನು ಶುದ್ಧವಾಗಿ ಬೇರ್ಪಡಿಸಿ ರಚನೆ ಕಂಡುಹಿಡಿದದ್ದು 1964ರಲ್ಲಿ, ಇಸ್ರೇಲಿನ ರಾಫೆಲ್ ಮೆಖೋಲಂ ಮತ್ತು ಯೆಹಿಯೆಲ್ ಗವೋನಿ. ಇಷ್ಟು ತಡವೇಕೆ ಎಂದರೆ, ಅಫೀಮಿನ ಸಾರದಂತೆ ಇದು ಹರಳುಗಟ್ಟುವುದಿಲ್ಲ, ಜಿಡ್ಡುಜಿಡ್ಡಾಗಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆಮೇಲೆ ಒಂದು ಸಹಜ ಪ್ರಶ್ನೆ ಎದ್ದಿತು: ಯಾವುದೋ ಗಿಡದ ಅಂಟಿಗೆ ನಮ್ಮ ನರಕೋಶದ ಬಾಗಿಲಲ್ಲಿ ಹೊಂದುವ ಬೀಗ ಏಕಿದೆ? ಸಿಬಿ1 ಎಂಬ ಆ ಗ್ರಾಹಕದ ವಂಶವಾಹಿಯನ್ನು 1990ರಲ್ಲಿ ಗುರುತಿಸಿದರು. ಬೀಗವಿದ್ದರೆ ಮನೆಯವರದೇ ಒಂದು ಕೀಲಿಯೂ ಇರಬೇಕಲ್ಲ. 1992ರಲ್ಲಿ ಮೆಖೋಲಂ ಅವರ ಪ್ರಯೋಗಾಲಯದಲ್ಲಿ ವಿಲಿಯಂ ಡಿವೇನ್ ಮತ್ತು ಲುಮೀರ್ ಹನುಷ್ ಹಂದಿಯ ಮೆದುಳಿನಿಂದ ಅದನ್ನು ಹೊರತೆಗೆದರು. ಹೆಸರಿಡುವಾಗ ಸಂಸ್ಕೃತದ ‘ಆನಂದ’ವನ್ನು ತೆಗೆದುಕೊಂಡು ಆನಂದಮೈಡ್ ಎಂದರು. ನಮ್ಮ ಮೆದುಳು ದಿನವೂ ತಾನೇ ತಯಾರಿಸಿ, ಬಳಸಿ, ಕೂಡಲೇ ಒಡೆದು ಹಾಕುವ ವಸ್ತು ಅದು. ನರಕೋಶಗಳು ಅತಿಯಾಗಿ ಕೂಗಾಡಿದಾಗ ‘ಸಾಕು, ತಣ್ಣಗಿರು’ ಎನ್ನುವುದು ಅದರ ಕೆಲಸ. ಟಿಎಚ್‌ಸಿ ಬಂದು ಅದೇ ಬೀಗದಲ್ಲಿ ತಾಸುಗಟ್ಟಲೆ ಕೂತುಬಿಡುತ್ತದೆ.

ಸಿಬಿ1 ಎಲ್ಲೆಲ್ಲಿ ದಟ್ಟವಾಗಿದೆ ಎಂದು ನೋಡಿದರೆ ಚಿಲುಮೆಯ ಸುತ್ತ ಕೂತವರ ಅನುಭವ ಅರ್ಥವಾಗುತ್ತದೆ. ಈಗಿನ ಮಾತನ್ನು ಹಿಂದಿನ ಮಾತಿಗೆ ಪೋಣಿಸುವ ಹಿಪೊಕ್ಯಾಂಪಸ್ಸಿನಲ್ಲಿ ಬಹಳ. ಹಾಗಾಗಿ ವಾಕ್ಯ ಶುರುಮಾಡಿದವನಿಗೆ ಕೊನೆ ಮುಟ್ಟುವಷ್ಟರಲ್ಲಿ ಶುರು ಮರೆತಿರುತ್ತದೆ. ಚಲನೆಯನ್ನೂ ಹೊತ್ತಿನ ಅಳತೆಯನ್ನೂ ನೋಡಿಕೊಳ್ಳುವ ಭಾಗಗಳಲ್ಲೂ ಬಹಳ. ಹಾಗಾಗಿ ಐದು ನಿಮಿಷ ಅರ್ಧ ತಾಸಿನಷ್ಟು ಉದ್ದವಾಗುತ್ತದೆ. ಉಸಿರಾಟ ನಡೆಸುವ ಮೆದುಳಕಾಂಡದಲ್ಲಿ ಬಹಳ ಕಡಿಮೆ. ಅಫೀಮಿನಂತೆ ಗಾಂಜಾ ಉಸಿರು ನಿಲ್ಲಿಸಿ ಕೊಲ್ಲದಿರುವುದು ಅದಕ್ಕೇ. ಈಗ ‘ನಾನು’ ಎಂಬ ಕತೆಯನ್ನು ನೆನೆಯಿರಿ. ನಿನ್ನೆ ಹೀಗಾಯಿತು, ಇವತ್ತು ಸಾಲದವನು ಬರುತ್ತಾನೆ, ನಾಳೆ ಮಗಳ ಫೀಸು ಕಟ್ಟಬೇಕು: ಕತೆಗೆ ದಾರ ಬೇಕು, ದಾರ ನೆನಪಿನದು. ದಾರ ಸಡಿಲವಾದರೆ ಮಣಿಗಳು ಬಿಡಿಬಿಡಿಯಾಗಿ ಹೊಳೆಯುತ್ತವೆ. ಮೈ ಇರುತ್ತದೆ, ಕಣ್ಣು ಕಿವಿ ಮೊದಲಿಗಿಂತ ಚುರುಕಾಗಿರುವಂತೆ ಅನ್ನಿಸುತ್ತದೆ. ಕತೆಗಾರ ಮಾತ್ರ ಎದ್ದು ಹೋಗಿರುತ್ತಾನೆ.

ಈ ಕತೆಗಾರ ಮೆದುಳಿನಲ್ಲಿ ಎಲ್ಲಿ ಕೂರುತ್ತಾನೆ ಎಂಬ ಸುಳಿವು ಸಿಕ್ಕದ್ದು 2001ರಲ್ಲಿ. ಸ್ಕ್ಯಾನರಿನಲ್ಲಿ ಮಲಗಿದವರಿಗೆ ಏನೂ ಕೆಲಸ ಕೊಡದಿದ್ದಾಗ ಮೆದುಳಿನ ನಡುಗೆರೆಯ ಕೆಲವು ಭಾಗಗಳು ಇನ್ನಷ್ಟು ದುಡಿಯುತ್ತವೆ, ಕೆಲಸ ಕೊಟ್ಟಾಗ ಸುಮ್ಮನಾಗುತ್ತವೆ ಎಂದು ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ತೋರಿಸಿದರು. ಕಟ್ಟೆಯ ಮೇಲೆ ಸುಮ್ಮನೆ ಕೂತವನ ತಲೆಯಲ್ಲಿ ಓಡುವ ‘ನನ್ನ’ ವಿಚಾರಗಳ ಜಾಲ ಅದು. 2012ರಲ್ಲಿ ಲಂಡನ್ನಿನ ರಾಬಿನ್ ಕಾರ್ಹಾರ್ಟ್-ಹ್ಯಾರಿಸ್ ತಂಡ ಅಣಬೆಯ ಮಾದಕವಾದ ಸೈಲೋಸೈಬಿನ್ ಕೊಟ್ಟು ಎಂಆರ್‌ಐ ನೋಡಿದಾಗ ಈ ಜಾಲದ ಮುಖ್ಯ ಗಂಟುಗಳಲ್ಲೇ ಚಟುವಟಿಕೆ ಇಳಿದಿತ್ತು. ‘ನಾನು ಕರಗಿದೆ’ ಎಂದು ಯಾರು ಎಷ್ಟು ಬಲವಾಗಿ ಹೇಳುತ್ತಾರೋ ಅವರ ಮೆದುಳಿನಲ್ಲಿ ಸಾಮಾನ್ಯವಾಗಿ ದೂರವಿರುವ ಭಾಗಗಳ ನಡುವೆ ಅಷ್ಟು ಹೆಚ್ಚು ಮಾತುಕತೆ ನಡೆದಿರುತ್ತದೆ ಎಂಬುದು 2016ರ ಎಲ್‌ಎಸ್‌ಡಿ ಅಧ್ಯಯನದ ಫಲ. ಓಣಿಓಣಿಯ ನಡುವಿನ ಗೋಡೆ ಬಿದ್ದಹಾಗೆ. ಸೈಲೋಸೈಬಿನ್, ಎಲ್‌ಎಸ್‌ಡಿಗಳ ಬೀಗ ಬೇರೆ, ಸಿರೊಟೋನಿನ್ನಿನದು; ಅವುಗಳ ಫಲವನ್ನು ಗಾಂಜಾಕ್ಕೆ ಹಾಗೇ ಹಚ್ಚಲಾಗದು. ಗಾಂಜಾ ಅವುಗಳಷ್ಟು ಬಲದ್ದೂ ಅಲ್ಲ.

ಹಾಗೆಂದು ಪ್ರಸಾದವೆಂದ ಮಾತ್ರಕ್ಕೆ ಅಣುವಿಗೆ ಭಕ್ತಿ ಬರುವುದಿಲ್ಲ. ಹದಿನಾರು ಹದಿನೇಳರ ಹುಡುಗರು ದಿನವೂ ಸೇದಿದರೆ, ಅದರಲ್ಲೂ ಮನೆತನದಲ್ಲಿ ಮನೋರೋಗ ಇದ್ದವರು ಸೇದಿದರೆ, ಚಿತ್ತವಿಕಲತೆಯ ಅಪಾಯ ಹೆಚ್ಚುತ್ತದೆಂಬುದಕ್ಕೆ ಹಲವು ದೇಶಗಳ ಅಧ್ಯಯನಗಳಿವೆ. ‘ನಾನು’ ಸಡಿಲವಾಗುವ ಅದೇ ಅನುಭವ ಕೆಲವರಿಗೆ ಭೀಕರವಾಗುತ್ತದೆ: ಕನ್ನಡಿಯ ಮುಖ ಬೇರೆಯವರದು, ಮನೆಯ ಮಂದಿ ಸಿನಿಮಾದ ಪಾತ್ರಗಳು, ತನ್ನ ದನಿ ದೂರದಿಂದ ಬಂದಂತೆ. ಜಾತ್ರೆಯಲ್ಲಿ ಗುರು ಇದ್ದಾನೆ, ಭಜನೆ ಇದೆ, ‘ಇದು ಇಷ್ಟೇ, ಬೆಳಗಾದರೆ ಇಳಿಯುತ್ತದೆ’ ಎನ್ನುವ ಹಿರಿಯರಿದ್ದಾರೆ. ಹಾಸ್ಟೆಲಿನ ಕೋಣೆಯಲ್ಲಿ ಅವರ್‍ಯಾರೂ ಇಲ್ಲ. ಅದೇ ಅಣು, ಎರಡು ಫಲ.

ಇನ್ನು ನಮ್ಮ ಭಾಗದ ಕಲಬೆರಕೆ ಸೇಂದಿಯನ್ನು ಇದರ ಸಾಲಿಗೆ ಸೇರಿಸುವವರಿದ್ದಾರೆ. ಸಲ್ಲದು. ಅದರಲ್ಲಿ ಬೆರೆಸುವ ಸಿ.ಎಚ್. ಪುಡಿ ಎಂದರೆ ಕ್ಲೋರಲ್ ಹೈಡ್ರೇಟ್, ಹತ್ತೊಂಬತ್ತನೆಯ ಶತಮಾನದ ನಿದ್ದೆ ಔಷಧಿ. ಅದು ‘ನಾನು’ವನ್ನು ಬಿಡಿಸುವುದಿಲ್ಲ, ಇಡೀ ಮನೆಯ ದೀಪ ಆರಿಸುತ್ತದೆ. ಹೆಚ್ಚಾದರೆ ಉಸಿರನ್ನೂ.

ಈಗ ಗೌಂಡಿಯ ಕಡೆಗೆ. ಅವನು ಆ ರಾತ್ರಿ ಏನನ್ನೂ ಸೇದಿರಲಿಲ್ಲ, ಕುಡಿದಿರಲಿಲ್ಲ. ಪಂಜಾ ಹಿಡಿಯುವವನಿಗೆ ಹತ್ತು ದಿನ ಮಡಿ. ಅವನಲ್ಲಿ ಕತೆಗಾರನೂ ಇಲ್ಲ, ಕೆಲಸಗಾರ ಎಂಬ ಭಾವವೂ ಇಲ್ಲ. ನಿಮಗೆ ನೀವೇ ಕಚಗುಳಿ ಇಟ್ಟುಕೊಂಡು ನೋಡಿ, ಆಗುವುದಿಲ್ಲ. 1998ರಲ್ಲಿ ಸಾರಾ-ಜೇನ್ ಬ್ಲೇಕ್‌ಮೋರ್, ಡೇನಿಯಲ್ ವೋಲ್ಪರ್ಟ್, ಕ್ರಿಸ್ ಫ್ರಿತ್ ಇದರ ಕಾರಣ ಹುಡುಕಿದರು. ಕೈಗೆ ‘ಅಲ್ಲಾಡು’ ಎಂದು ಆಜ್ಞೆ ಕೊಡುವಾಗಲೇ ಮೆದುಳು ಅದರ ಒಂದು ನಕಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ, ಮುಂದೆ ಏನು ಅನ್ನಿಸಬೇಕೆಂದು ಊಹಿಸುತ್ತದೆ. ಊಹಿಸಿದ್ದೇ ಬಂದರೆ ಅದನ್ನು ಕಳೆದು ಹಾಕಿ ‘ಇದು ನನ್ನ ಕೆಲಸ’ ಎಂಬ ಮುದ್ರೆ ಒತ್ತುತ್ತದೆ. ಊಹೆಗೆ ಸಿಗದ ಸ್ಪರ್ಶವೇ ಕಚಗುಳಿ. ಮೈಮೇಲೆ ಬಂದಾಗ ಆಜ್ಞೆ ಹೋಗುತ್ತದೆ, ಕಾಲು ಸರಿಯುತ್ತದೆ, ಕೂಸು ಉಳಿಯುತ್ತದೆ. ಮುದ್ರೆ ಮಾತ್ರ ಬೀಳುವುದಿಲ್ಲವೆಂದು ಕಾಣುತ್ತದೆ. ಮುದ್ರೆಯಿಲ್ಲದ ಕೆಲಸ ಮೆದುಳಿಗೆ ಪರರದು. ಆ ಪರರು ಯಾರು ಎನ್ನುವುದನ್ನು ಊರು ಮೊದಲೇ ಹೇಳಿಟ್ಟಿರುತ್ತದೆ: ಹಸನ, ಹುಸೇನ, ಎಲ್ಲಮ್ಮ, ಮಲ್ಲಯ್ಯ. ಸಂಮೋಹನದ ಪ್ರಯೋಗಗಳಲ್ಲೂ ‘ಕೈ ತಾನಾಗಿ ಎದ್ದಿತು’ ಎನ್ನುವವರು ಹೇಳುವುದು ಇದನ್ನೇ. ಅಲ್ಲಿ ದೇವರ ಹೆಸರಿಲ್ಲ ಅಷ್ಟೇ.

ಮಲ್ಲಯ್ಯನೆಂದ ಕೂಡಲೇ ಯಾದಗಿರಿ ಹತ್ತಿರದ ಮೈಲಾಪುರದ ಸಂಕ್ರಾಂತಿ ಕಣ್ಣಿಗೆ ಕಟ್ಟುತ್ತದೆ. ಹೊನ್ನಕೆರೆಯ ಗಂಗಾಸ್ನಾನ ಮುಗಿಸಿ ಪಲ್ಲಕ್ಕಿ ಬರುವಾಗ ಭಂಡಾರ ತೂರಿ ತೂರಿ ಗುಡ್ಡ, ಜನ, ಪೊಲೀಸರ ಟೋಪಿ ಎಲ್ಲ ಹಳದಿ. ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುವ ಸೇವೆ. ಪಲ್ಲಕ್ಕಿಯ ಮೇಲೆ ಜೀವಂತ ಕುರಿಮರಿ ಎಸೆಯುವ ಹರಕೆಯನ್ನು ಜಿಲ್ಲಾಡಳಿತ ನಿಷೇಧಿಸಿದೆ, ಒಳ್ಳೆಯದಾಯಿತು. ನನಗೆ ಮುಖ್ಯವಾದವರು ಕರಿಕಂಬಳಿಯ ಗೊರವರು. ತಾವು ಮೈಲಾರನ, ಅಂದರೆ ಇದೇ ಮಲ್ಲಯ್ಯನ, ನಾಯಿಗಳು ಎಂಬ ಐತಿಹ್ಯಕ್ಕೆ ತಕ್ಕಂತೆ ಅವರು ಸೇವೆಯ ಹೊತ್ತಿನಲ್ಲಿ ಬೊಗಳುತ್ತಾರೆ, ದೋಣಿ ಎಂಬ ಪಾತ್ರೆಯಲ್ಲಿ ಸುರಿದ ಹಾಲು ಬಾಳೆಹಣ್ಣನ್ನು ನೆಲಕ್ಕೆ ಬಾಗಿ ಬಾಯಿ ಹಾಕಿ ತಿನ್ನುತ್ತಾರೆ. ಮನುಷ್ಯನಾಗಿರುವ ಭಾರವನ್ನು ಹೆಗಲಿಂದ ಇಳಿಸಿಟ್ಟಂತೆ. ನಾಟಕವೇ, ಆವೇಶವೇ ಎಂದು ಕೇಳಿದರೆ ಎರಡರ ನಡುವೆ ಗೆರೆ ಎಲ್ಲಿದೆ ಎಂದು ನಾನೇ ತಿರುಗಿ ಕೇಳುತ್ತೇನೆ. ಬೊಗಳುತ್ತ ಬೊಗಳುತ್ತ ಒಳಗಿನವನು ಬದಲಾಗುವುದು ಮೈಯಿಂದ ಮನಸ್ಸಿಗೆ ಹೋಗುವ ದಾರಿ. ನಾವು ದಿನವೂ ಅದರಲ್ಲೇ ಓಡಾಡುವವರು.

ಗುಂಪಿಲ್ಲದೆ ಇದು ಆಗುವುದು ಅಪರೂಪ. ಸ್ಪೇನ್ ದೇಶದ ಸ್ಯಾನ್ ಪೆದ್ರೊ ಮನ್ರಿಕೆ ಎಂಬ ಹಳ್ಳಿಯಲ್ಲೂ ವರ್ಷಕ್ಕೊಮ್ಮೆ ಕೆಂಡ ಹಾಯುತ್ತಾರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕೆ ಐವಾನಾ ಕೊನ್ವಾಲಿಂಕಾ ಮತ್ತಿತರರು ಅಲ್ಲಿ ಕೆಂಡ ಹಾಯುವವರಿಗೂ ನೋಡುವವರಿಗೂ ಹೃದಯಬಡಿತದ ಮಾಪಕ ಕಟ್ಟಿದರು. ಹಾಯುವವನ ಎದೆಬಡಿತ ಏರಿಳಿದಂತೆ, ನಿಂತು ನೋಡುತ್ತಿದ್ದ ಅವನ ಬಂಧು ಗೆಳೆಯರ ಎದೆಬಡಿತವೂ ಏರಿಳಿದಿತ್ತು. ಪ್ರವಾಸಕ್ಕೆಂದು ಬಂದ ಪರಊರಿನವರದು ಹಾಗಾಗಿರಲಿಲ್ಲ. ಕಾಕಿಯ ಮನೆಯ ಎರಡು ಬ್ರಷ್ಷು ನೆನಪಿರಲಿ: ಒಂದೇ ತಾಳ ಬಿದ್ದರೆ ಮೆದುಳು ‘ನನ್ನದು’ ಎನ್ನುತ್ತದೆ. ನೂರು ಎದೆ ಒಂದೇ ಹಲಗೆಗೆ ಬಡಿದರೆ ‘ನನ್ನದು’ ಎಂಬುದರ ಬೇಲಿ ಎಲ್ಲಿಯವರೆಗೆ ಸರಿಯಬಹುದು? ಇದು ನನ್ನ ಊಹೆ, ಆ ಸಂಶೋಧಕರ ತೀರ್ಮಾನವಲ್ಲ. ಕಾಲು ಸುಡದಿರುವುದಕ್ಕೆ ಮಾತ್ರ ದೇವರನ್ನೂ ನರವಿಜ್ಞಾನವನ್ನೂ ಕರೆಯಬೇಕಿಲ್ಲ: ಬೂದಿ ಕಟ್ಟಿದ ಕೆಂಡ ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಓಡುವ ಪಾದ ಅರೆಗಳಿಗೆಯೂ ಒಂದೆಡೆ ನಿಲ್ಲುವುದಿಲ್ಲ.

ಮೈಮೇಲೆ ಬರುವುದು ರೋಗವೇ? ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ಅದಕ್ಕೆ ಒಂದು ರೋಗದ ಹೆಸರಿದೆ. ಜೊತೆಗೆ ಒಂದು ಷರತ್ತೂ ಇದೆ: ಆ ಸಮಾಜ ಒಪ್ಪಿದ ಆಚರಣೆಯ ಭಾಗವಾಗಿ ಬಂದು ಹೋದರೆ ಅದು ರೋಗವಲ್ಲ, ಬೇಡವೆಂದರೂ ಬರುತ್ತ, ಬದುಕು ಕೆಡಿಸಿದರೆ ರೋಗ. ಈ ಷರತ್ತು ನನಗೆ ಒಪ್ಪಿಗೆ, ಪೂರ್ತಿಯಾಗಿ ಅಲ್ಲ. ಅಮ್ಮ ಮೈಮೇಲೆ ಬಂದ ಸೊಸೆಯ ಮುಂದೆ ಅತ್ತೆ ಕೈಮುಗಿದು ನಿಂತದ್ದನ್ನು ನೋಡಿದ್ದೇನೆ. ವರ್ಷವಿಡೀ ಬಾಯಿ ತೆರೆಯದವಳು ಆ ಅರ್ಧ ತಾಸು ಮನೆಯ ಲೆಕ್ಕವನ್ನೆಲ್ಲ ಹೇಳಿದಳು. ಅದು ಆಚರಣೆಯೋ ಅಸ್ವಾಸ್ಥ್ಯವೋ ಎಂದು ವಿಂಗಡಿಸಲು ಹೊರಟವರು ಅಸ್ವಾಸ್ಥ್ಯ ಯಾರದು ಎಂಬುದನ್ನೂ ಕೇಳಬೇಕಾಗುತ್ತದೆ. ‘ನಾನಲ್ಲ, ಅಮ್ಮ’ ಎನ್ನದೆ ಆಕೆಗೆ ‘ನಾನು’ ಎನ್ನಲು ಬೇರೆ ಜಾಗವಿರಲಿಲ್ಲ.

ಇವೆಲ್ಲ ತಾಸೆರಡು ತಾಸಿನ ಮಾತು. ‘ನಾನು’ ಕಳೆಯುವುದನ್ನೇ ಬದುಕಿನ ಗುರಿ ಮಾಡಿಕೊಂಡವರೂ ಇಲ್ಲೇ ಇದ್ದರು. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಸೂಫಿ ಚಂದಾ ಹುಸೇನಿಯ ದರ್ಗಾ ಇದೆ. ತಾನು ಎಂಬುದು ಅಳಿಯುವುದಕ್ಕೆ ಸೂಫಿಗಳು ‘ಫನಾ’ ಎನ್ನುತ್ತಾರೆ, ಶರಣರು ‘ಬಯಲು’ ಎಂದರು. 1510ರಲ್ಲಿ ಸತ್ತ ಬಿಜಾಪುರದ ಮೊದಲ ಸುಲ್ತಾನ ಯೂಸುಫ್ ಆದಿಲ್ ಶಾ, ಅವನ ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಮಲಗಿರುವುದು ಬಿಜಾಪುರದಲ್ಲಲ್ಲ, ಗೋಗಿಯ ಆ ಸಂತನ ಮಗ್ಗುಲಲ್ಲಿ.

ಇವ್ಯಾವುದರ ಹಂಗೂ ಇಲ್ಲದವನಿಗೂ ಒಮ್ಮೆ ಇಂಥದ್ದು ಆಗಿದೆ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1841ರಿಂದ 1853ರವರೆಗೆ, ರಾಜಾ ವೆಂಕಟಪ್ಪ ನಾಯಕ ಎಳೆಯನಾಗಿದ್ದಾಗ ಸಂಸ್ಥಾನ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ. ಠಕ್ಕರ ಕತೆ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು, ಲೆಕ್ಕಪತ್ರದ ಮನುಷ್ಯ, ಭ್ರಮೆಯ ಜಾಯಮಾನದವನಲ್ಲ. 1877ರಲ್ಲಿ, ಸತ್ತ ಮರುವರ್ಷ, ಮಗಳು ಪ್ರಕಟಿಸಿದ ಆತ್ಮಕಥೆಯಲ್ಲಿ ಒಂದು ರಾತ್ರಿಯ ಪ್ರಸಂಗವಿದೆ. ಮಕ್ತಲ್ ಕಡೆಯಿಂದ ದೂರ ಪಯಣ ಮಾಡಿ ದಣಿದು ಡೇರೆಯಲ್ಲಿ ಮಲಗಿದ್ದಾನೆ. ಸೆಕೆ, ನಾಯಿ ನರಿಗಳ ಕೂಗು, ನಿದ್ದೆ ಹತ್ತುತ್ತಿಲ್ಲ. ತೆರೆದ ಬಾಗಿಲಲ್ಲಿ, ಬೆಳದಿಂಗಳಲ್ಲಿ, ಯೌವನದಲ್ಲಿ ಪ್ರೀತಿಸಿದ್ದ ಹೆಂಗಸು ಬಿಳಿ ಉಡುಪಿನಲ್ಲಿ ಕೈಚಾಚಿ, ತನ್ನನ್ನು ಬಿಡಬೇಡವೆಂದು ಬೇಡುತ್ತಾಳೆ. ಎದ್ದು ಓಡಿದರೆ ಮಸುಕಾಗಿ ಮಾಯ. ತಂದೆಗೆ ಕಾಗದ ಬರೆದ. ಅದೇ ದಿನ ಆಕೆಯ ಮದುವೆಯಾಯಿತೆಂದು ಉತ್ತರ ಬಂತು.

ನಿದ್ದೆಯ ಹೊಸ್ತಿಲಲ್ಲಿ ಕನಸಿನ ಯಂತ್ರ ಎಚ್ಚರದ ಕೋಣೆಗೆ ಕಾಲಿಡುವುದು ಅಪರೂಪವಲ್ಲ. ದಣಿವು, ಸೆಕೆ, ಹರಿದ ನಿದ್ದೆ ಅದಕ್ಕೆ ಹೇಳಿ ಮಾಡಿಸಿದ ಸಂದರ್ಭ. ತಾನು ಎಚ್ಚರವಾಗಿದ್ದೆ ಎಂದು ಟೇಲರ್ ಒತ್ತಿ ಹೇಳುತ್ತಾನೆ. ಆ ಸ್ಥಿತಿಯಲ್ಲಿದ್ದ ಬಹಳ ಮಂದಿ ಹೇಳುವುದೂ ಅದನ್ನೇ. ದಿನ ಹೊಂದಿದ್ದು? ಹೊಂದದ ಸಾವಿರ ರಾತ್ರಿಗಳನ್ನು ಯಾರೂ ಆತ್ಮಕಥೆಯಲ್ಲಿ ಬರೆಯುವುದಿಲ್ಲ. ಇಲ್ಲಿ ಟೇಲರನ ‘ನಾನು’ ಕಳೆದಿರಲಿಲ್ಲ. ಅದರ ಒಂದು ತುಣುಕು, ಬಿಡಲಾಗದೆ ಉಳಿದ ಆಸೆ, ಮುದ್ರೆ ಬೀಳದೆ ಹೊರಗೆ ಹೋಗಿ ನಿಂತಿತ್ತು, ಬೇರೊಬ್ಬರ ಮುಖ ತೊಟ್ಟು. ಗೌಂಡಿಯ ಹಸನ ಹುಸೇನರಿಗೂ ಟೇಲರನ ಬಿಳಿ ಉಡುಪಿಗೂ ನಡುವೆ ಅಂತರ ಇರುವುದು ಸುತ್ತ ಹಲಗೆ ಬಡಿಯುವವರು ಇದ್ದರೋ ಇಲ್ಲವೋ ಎಂಬುದರಲ್ಲಿ. ಟೇಲರ್ ಒಬ್ಬನೇ ಇದ್ದ.

ಮೊಹರಂ ಮುಗಿದ ನಾಲ್ಕನೆಯ ದಿನ ಗೌಂಡಿ ಅದೇ ಗೋಡೆಯ ಮುಂದೆ ಸಿಕ್ಕ. ಎರಡು ವರಸೆ ಮೇಲೆದ್ದಿತ್ತು. ನಾನು ಓದಿಕೊಂಡಿದ್ದನ್ನೆಲ್ಲ, ಆಜ್ಞೆ, ನಕಲು, ಮುದ್ರೆ, ಆದಷ್ಟು ಸರಳವಾಗಿ ಹೇಳಿದೆ. ಕರಣೆ ಆಡಿಸುತ್ತಲೇ ಕೇಳಿಸಿಕೊಂಡ. ಮತ್ತೆ ಕೇಳಿದೆ: ತನ್ನ ಮೈ ತನ್ನ ಕೈಯಲ್ಲಿರದ ಆ ಹೊತ್ತು ಹೆದರಿಕೆಯಾಗುವುದಿಲ್ಲವೇ?

“ಆವಾಗ ಹೆದರೋರು ಯಾರ್ರೀ ಇರ್ತಾರ?” ಎಂದ. ಒಂದು ಇಟ್ಟಿಗೆ ಇಟ್ಟ. “ಹೆದರಿಕಿ ಈಗ. ನಮ್ಮಪ್ಪಗ ಐವತ್ತು ದಾಟಿದ ಮ್ಯಾಲ ಬರೂದು ನಿಂತ್ಬಿಡ್ತು. ಪಂಜಾ ಹಿಡಕೊಂಡು ಸುಮ್ಮ ನಿಂತಿದ್ದ, ಎಲ್ಲಾರೂ ನೋಡ್ಲಿಕತ್ತಿದ್ರು.”

ನಾನು ಏನೋ ಹೇಳಲು ಮುಂದೆ ಬಂದೆ.

“ಜರಾ ಸರೀರಿ ಸರ, ತೂಕದ ದಾರ ಅಲ್ಲಾಡ್ತದ.”